ಹಾಳಾದ ರ‍್ಯಾಮ್ ಇಟ್ಟುಕೊಂಡೇ ಲ್ಯಾಪ್‌ಟಾಪ್ ಉಳಿಸಿಕೊಂಡೆ

ಮೂರು ವಾರ ಹಾರ್ಡ್ ಡಿಸ್ಕನ್ನೇ ಬೈದುಕೊಂಡಿದ್ದೆ. ದೊಡ್ಡ ಜಿಪ್ ಫೈಲ್ ಬಿಚ್ಚಿದರೆ ಸಿಆರ್‌ಸಿ ಎರರ್, ಅಂದರೆ ಫೈಲ್ ಕೆಟ್ಟಿದೆ ಎಂಬ ದೂರು. ಬ್ರೌಸರ್ ಸುಮ್ನೆ ಮುಚ್ಚಿಕೊಳ್ಳುತ್ತಿತ್ತು. ಕೊನೆಗೆ 20 ಜಿಬಿಯ ಒಂದೇ ಫೈಲಿಗೆ ಎರಡು ಸಲ ಚೆಕ್‌ಸಮ್ (ಫೈಲಿನಲ್ಲಿರುವುದನ್ನು ಲೆಕ್ಕ ಹಾಕಿ ತೆಗೆಯುವ ಗುರುತು; ಫೈಲ್ ಬದಲಾಗದಿದ್ದರೆ ಅದೂ ಬದಲಾಗಬಾರದು) ತೆಗೆದೆ. ಎರಡು ಸಲಕ್ಕೂ ಬೇರೆ ಬೇರೆ ಉತ್ತರ! ಆಗ ರ‍್ಯಾಮ್ (ಕೆಲಸದ ವೇಳೆ ಡೇಟಾ ಇಡುವ ಮೆಮೊರಿ) ಮೇಲೆ ಅನುಮಾನ ಬಂತು.

ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಪರದೆ ತುಂಬಾ ತಪ್ಪು ತೋರಿಸುವ ಕೆಂಪು ಸಾಲು. ಆದರೆ ಎಲ್ಲವೂ ಮೆಮೊರಿಯ ಒಂದೇ ವಿಳಾಸದ (ಜಾಗದ ಸಂಖ್ಯೆ) ಆಸುಪಾಸು, ಒಂದೇ ಬಿಟ್. 8 ಜಿಬಿಯಲ್ಲಿ ಹಾಳಾಗಿದ್ದು ಇಷ್ಟೇ! ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದು, ಕಿತ್ತು ಬದಲಿಸುವಂತಿಲ್ಲ.

ನನ್ನದು ಲಿನಕ್ಸ್. ಮೆಮ್‌ಟೆಸ್ಟ್ ಕೊಟ್ಟ ವಿಳಾಸವನ್ನು ಗ್ರಬ್‌ನ (ಲಿನಕ್ಸನ್ನು ಶುರು ಮಾಡುವ ಪ್ರೋಗ್ರಾಮ್) ಸೆಟ್ಟಿಂಗ್ ಫೈಲಿನ 'ಬ್ಯಾಡ್‌ರ‍್ಯಾಮ್' ಸಾಲಿನಲ್ಲಿ ಹಾಕಿ, ಗ್ರಬ್ ಅಪ್‌ಡೇಟ್ ಮಾಡಿ ರೀಬೂಟ್ ಮಾಡಿದೆ. ಏನೂ ಆಗಲಿಲ್ಲ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು: ಸೆಕ್ಯೂರ್ ಬೂಟ್ (ನಂಬಲಾಗದ ಸಾಫ್ಟ್‌ವೇರ್‌ನಿಂದ ಕಂಪ್ಯೂಟರ್ ಶುರುವಾಗದಂತೆ ತಡೆಯುವ ವ್ಯವಸ್ಥೆ) ಆನ್ ಇದ್ದರೆ ಹೊಸ ಗ್ರಬ್ ಆ ಆಜ್ಞೆಯನ್ನು ಒಪ್ಪುವುದಿಲ್ಲ. ಅದನ್ನು ಆಫ್ ಮಾಡಿದೆ. ಈಗ ಕರ್ನಲ್ (ಲಿನಕ್ಸ್‌ನ ತಿರುಳು) ಆ ಜಾಗದ ತಂಟೆಗೇ ಹೋಗುವುದಿಲ್ಲ. ಚೆಕ್‌ಸಮ್ ಹತ್ತು ಸಲ ತೆಗೆದರೂ ಒಂದೇ.

ವಿಂಡೋಸ್‌ನಲ್ಲೂ ಬೂಟ್ ಸೆಟ್ಟಿಂಗಿನಲ್ಲಿ ಹಾಳಾದ ಪುಟಗಳ (ಮೆಮೊರಿಯ ಸಣ್ಣ ತುಂಡುಗಳು) ಪಟ್ಟಿ ಕೊಡಬಹುದು. ತಪ್ಪನ್ನು ತಾನೇ ಪತ್ತೆ ಹಚ್ಚುವ ಇಸಿಸಿ ರ‍್ಯಾಮ್ ಇರುವ ಸರ್ವರ್‌ಗಳಲ್ಲಂತೂ ತಪ್ಪು ಕಂಡ ಪುಟವನ್ನು ಸಿಸ್ಟಮ್ಮೇ ಬದಿಗಿಡಬಲ್ಲದು. ನಮ್ಮ ಮಾಮೂಲಿ ಲ್ಯಾಪ್‌ಟಾಪಿಗೆ ತಪ್ಪು ಆಗಿದ್ದೇ ಗೊತ್ತಾಗಲ್ಲ. ಬೂಟ್ ಆಗುವಾಗ ತಾನೇ ಪರೀಕ್ಷಿಸುವ ಆಯ್ಕೆ ಲಿನಕ್ಸ್ ಕರ್ನಲ್‌ನಲ್ಲಿದೆ, ಆದರೆ ನಾವೇ ಕೇಳಬೇಕು. ವಾರಕ್ಕೊಮ್ಮೆಯಾದರೂ ಅದೇ ನೋಡಿಕೊಳ್ಳಬಾರದೇ?

ಆ ಮೂರು ವಾರದಲ್ಲಿ ಉಳಿಸಿದ ಫೋಟೋಗಳನ್ನು ಈಗ ಒಂದೊಂದಾಗಿ ತೆರೆದು ನೋಡುತ್ತಿದ್ದೇನೆ.