ಜೀಪಿನ ಸದ್ದು, ಮದ್ದಳೆಯ ಬೋನ

ಎರಡು ವರ್ಷದ ಹಿಂದೆ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರ ಒಂದು ಯಕ್ಷಗಾನದ ಆಟ ಇತ್ತು. ಪೆರ್ಲದ ಒಳಗಿನ ನಮ್ಮ ಗುಡ್ಡೆಯಿಂದ ಇಳಿದು ಬದಿಯಡ್ಕದ ಮೇಲಾಗಿ ಹೋದರೆ ಜೀಪಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಚೌಕಿಯಲ್ಲಿ, ಎಂದರೆ ವೇಷ ಕಟ್ಟುವ ಜಾಗದಲ್ಲಿ, ಕುಳಿತು ಮದ್ದಳೆಗೆ ಶ್ರುತಿ ಮಾಡತೊಡಗಿದರೆ ಕಿವಿಯೊಳಗೆ ಜೀಪು ಇನ್ನೂ ಓಡುತ್ತಲೇ ಇತ್ತು. ಗುಂಯ್ ಎನ್ನುವ ಒಂದೇ ಸ್ವರ, ನಿಲ್ಲುವ ಲಕ್ಷಣವಿಲ್ಲ. ನನಗೆ ಸರಿ ಎನಿಸಿದ ಶ್ರುತಿಗೆ ಪದ ಹಾಡುವ ಭಾಗವತರು ತಲೆ ಅಲ್ಲಾಡಿಸಿದರು. "ಸೇರುವುದಿಲ್ಲ ಮಾರಾಯ್ರೇ, ಇನ್ನೊಂದು ಚೂರು ಏರಬೇಕು" ಎಂದರು. ಮೂರು ಸಲ ತಟ್ಟಿ ಸರಿಮಾಡಿದ ಮೇಲೂ ಅವರ ಮುಖ ನೋಡಿಯೇ ತಿಳಿಯಬೇಕಾಯಿತು. ಮೂವತ್ತು ವರ್ಷದಿಂದ ಕೈಯಲ್ಲಿರುವ ಕೆಲಸ ಅದು. ಆ ರಾತ್ರಿ ನನಗೆ ನಿಜವಾಗಿ ಹೆದರಿಕೆಯಾಯಿತು.

ಮಂಗಳೂರಿನಲ್ಲಿ ಕಿವಿಯ ಡಾಕ್ಟರರಿಗೆ ತೋರಿಸಿದೆ. ಅವರು ಒಂದು ಲೆಕ್ಕ ಬರೆದು ಕೊಟ್ಟರು: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. "ರಾತ್ರಿಯಿಡೀ ಚೆಂಡೆಯ ಪಕ್ಕ ಕೂರುವವರು ನೀವು. ಹೋಗುವಾಗ, ಬರುವಾಗಲಾದರೂ ಕಿವಿಗೆ ಬಿಡುವು ಕೊಡಿ" ಎಂದರು. ಊರಿಗೆ ಬಂದು ಬದಿಯಡ್ಕ ದಾಟಿದ ಮೇಲಿನ ಸಪಾಟು ರಸ್ತೆಯಲ್ಲಿ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಪಕ್ಕದ ಸೀಟಿನಲ್ಲಿ ಮಗನನ್ನು ಕೂರಿಸಿ ಫೋನಿನ ಆ್ಯಪ್‌ನಲ್ಲಿ ಅಳೆಸಿದೆ. 91 ತೋರಿಸಿತು. ಫೋನಿನ ಅಳತೆ ನಿಖರವಲ್ಲ, ಆದರೆ ಅದೇ ಫೋನು, ಅದೇ ರಸ್ತೆ, ಅದೇ ವೇಗ ಇಟ್ಟುಕೊಂಡರೆ ಮೊದಲಿಗೂ ಆಮೇಲಿಗೂ ಇರುವ ವ್ಯತ್ಯಾಸ ತಿಳಿಯಲು ಧಾರಾಳ ಸಾಕು.

ಜೀಪು ಮಾರಿ ಕಾರು ತೆಗೆದುಕೊಳ್ಳಿ ಎಂದವರು ಬಹಳ ಜನ. ನಮ್ಮ ಮನೆಯ ದಾರಿ ಕಂಡವರು ಹಾಗೆ ಹೇಳುವುದಿಲ್ಲ. ಕೆಂಪು ಕಲ್ಲಿನ ಏರು, ಮಳೆಗಾಲದಲ್ಲಿ ಮೇಲೆ ಪಾಚಿ, ಮಧ್ಯದಲ್ಲಿ ತೋಡು. ಜೂನ್‌ನಿಂದ ಅಕ್ಟೋಬರ್‌ವರೆಗೆ ನಾಲ್ಕು ಚಕ್ರವೂ ಎಳೆಯುವ ಗಾಡಿಯೇ ಬೇಕು. ನಮ್ಮದು ನಾಲ್ಕು ಸಿಲಿಂಡರಿನ ಹಳೆಯ ಡೀಸೆಲ್ ಜೀಪು, ಮಳೆಗೆಂದು ವರ್ಕ್‌ಶಾಪಿನಲ್ಲಿ ತಗಡಿನ ಟಾಪ್ ಕಟ್ಟಿಸಿದ್ದು. ಅಡಿಕೆ ಗೋಣಿ, ಹಿಂಡಿ ಮೂಟೆ, ಹಿಮ್ಮೇಳದ ಪೆಟ್ಟಿಗೆ, ಎಲ್ಲಕ್ಕೂ ಅದೇ.

ಹಾಗಾಗಿ ಜೀಪಿನೊಳಗಿನ ಸದ್ದನ್ನೇ ಇಳಿಸಲು ಹೊರಟೆ. ಮೊದಲ ಪ್ರಯತ್ನವನ್ನು ನಾನು ಕೆಡಿಸಿದೆ. ಇನ್ನೊಬ್ಬರು ಅದೇ ತಪ್ಪು ಮಾಡಬಾರದು ಎಂದು ಅದನ್ನು ವಿವರವಾಗಿ ಹೇಳುತ್ತೇನೆ. ಪತ್ತನಾಜೆ ಕಳೆದು ಆಟಗಳು ನಿಂತ ಕೂಡಲೇ, ಮೇ ಕೊನೆಯ ವಾರ, ಹಾಸಿಗೆ ಅಂಗಡಿಯಿಂದ ಫೋಮ್ ತಂದು ಅಡಿಯ ತಗಡಿಗೆ ಅಂಟಿಸಿದೆ, ಮೇಲೆ ರೆಕ್ಸಿನ್ ಹಾಸಿದೆ. ಸದ್ದು ಇಳಿದದ್ದು ಬರೀ 1 ಡೆಸಿಬೆಲ್. ಫೋಮು ಗಾಡಿಯೊಳಗೆ ಸುತ್ತುವ ಕೀರಲು ಸದ್ದನ್ನು ಒಂದಿಷ್ಟು ಹೀರುತ್ತದೆ, ಹೊರಗಿನಿಂದ ಬರುವುದನ್ನು ತಡೆಯುವುದಿಲ್ಲ. ತಡೆಯಲು ತೂಕ ಬೇಕು. ಫೋಮಿಗೆ ತೂಕವೆಲ್ಲಿದೆ? ನಮ್ಮ ಜಿಲ್ಲೆಯ ಮಳೆಯೋ ವರ್ಷಕ್ಕೆ ಸುಮಾರು 3500 ಮಿಲಿಮೀಟರ್. ಕಾಲಿನ ಕೆಸರು, ಬಾಗಿಲ ಸಂದಿನ ನೀರು, ಎಲ್ಲವನ್ನೂ ಆ ಫೋಮು ಸ್ಪಂಜಿನ ಹಾಗೆ ಕುಡಿದು ಹಿಡಿದಿಟ್ಟಿತು. ಆಟಿ ತಿಂಗಳಲ್ಲಿ, ಜುಲೈ-ಆಗಸ್ಟ್ ಹೊತ್ತಿಗೆ, ಗಾಡಿಯೊಳಗೆ ಕೊಳೆತ ವಾಸನೆ. ಚೌತಿಯ ಹೊತ್ತಿಗೆ ಕಿತ್ತು ನೋಡಿದರೆ ಚಾಲಕನ ಕಾಲಡಿಯ ತಗಡು ತುಕ್ಕು ತಿಂದು ಹಪ್ಪಳವಾಗಿತ್ತು. ಅಂಗೈ ಅಗಲದ ತುಂಡು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕಾಯಿತು.

ವೆಲ್ಡಿಂಗಿಗೆ ಹೋದಲ್ಲಿ ಮೆಕ್ಯಾನಿಕ್ ಹೇಳಿದ ಮಾತು ನನ್ನನ್ನು ಸರಿದಾರಿಗೆ ತಂದಿತು. "ಅಣ್ಣಾ, ಮದ್ದಳೆಯವರಿಗೆ ಕಿವಿ ಇರ್ತದಲ್ಲ. ಸದ್ದು ಎಲ್ಲಿಂದ ಬರ್ತದೆ ಅಂತ ನೀವು ಮೊದಲು ಹೇಳಿ, ಆಮೇಲೆ ನಾನು ಕೈ ಹಾಕ್ತೇನೆ."

ಹಾಗಾಗಿ ಒಂದು ತಿಂಗಳು ಯಾವುದನ್ನೂ ಅಂಟಿಸಲಿಲ್ಲ, ಕೇಳಿದೆ ಅಷ್ಟೆ. ಜೀಪು ನಿಲ್ಲಿಸಿ, ಎಂಜಿನ್ ಮಾತ್ರ ರೇಸ್ ಮಾಡಿ ಕೇಳುವುದು ಒಂದು. ಖಾಲಿ ರಸ್ತೆಯ ಇಳಿಜಾರಿನಲ್ಲಿ ಗಿಯರ್ ನ್ಯೂಟ್ರಲ್‌ಗೆ ತಂದು, ಎಂಜಿನ್ ಆರಿಸದೆ, ಅದೇ ವೇಗದಲ್ಲಿ ಸ್ವಲ್ಪ ದೂರ ಉರುಳಿಸಿ ಕೇಳುವುದು ಇನ್ನೊಂದು. ಎಂಜಿನ್ ಆರಿಸಿದರೆ ಬ್ರೇಕಿನ ಬೂಸ್ಟರ್ ಕೈಕೊಡುತ್ತದೆ, ಹಾಗಾಗಿ ಆರಿಸಲೇಬಾರದು. ಉರುಳುವಾಗ ಉಳಿಯುವುದು ಟಯರು, ಗಾಳಿ, ಹಿಂದಿನ ಚಕ್ರಗಳ ನಡುವಿನ ಗಿಯರ್ ಗಡ್ಡೆ, ಅಂದರೆ ಡಿಫರೆನ್ಷಿಯಲ್. ಮಾಯವಾಗುವುದು ಎಂಜಿನ್ನಿನ ಪಾಲು. ನನ್ನ ಜೀಪಿನಲ್ಲಿ ಮೂರರಲ್ಲಿ ಎರಡು ಪಾಲು ಮಾಯವಾಯಿತು ಎಂದು ನನ್ನ ಅಂದಾಜು.

ಎಂಜಿನ್ನಿನ ಸದ್ದು ಎಂದರೂ ಅದು ಒಂದೇ ಅಲ್ಲ. ಎಂಜಿನ್ ಮೌಂಟಿಂಗಿನ ರಬ್ಬರ್ ಸತ್ತು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು, ಅದರ ನಡುಕವೆಲ್ಲ ಚಾಸಿಯ ಮೂಲಕ ನೇರ ಸೀಟಿಗೆ. ಸೈಲೆನ್ಸರ್ ಪೈಪನ್ನು ನೇತುಹಾಕಿದ ರಬ್ಬರುಗಳಲ್ಲಿ ಒಂದು ಹರಿದು ಹೋಗಿ ಪೈಪು ಚಾಸಿಗೆ ಒರಗಿತ್ತು. ಎಂಜಿನ್ನಿನಿಂದ ಹೊಗೆ ಹೊರಬರುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿ ಚಿಟ್ ಚಿಟ್ ಅನ್ನುತ್ತಿತ್ತು. ಚಕ್ರದ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಒಂದು ಕ್ರಾಸ್, ಎಂದರೆ ಅದರ ಕೀಲು, ಸವೆದಿತ್ತು. ಈ ನಾಲ್ಕನ್ನೂ ಬದಲಿಸಿದ್ದಕ್ಕೆ ಒಟ್ಟು 6,000 ರೂಪಾಯಿಯ ಒಳಗೆ ಖರ್ಚು, ಸದ್ದು 91ರಿಂದ 87ಕ್ಕೆ ಇಳಿಯಿತು. ಒಂದು ತುಂಡು ಶೀಟೂ ಅಂಟಿಸದೆ! ಸದ್ದು ಇಳಿಸಲು ಸಾಮಾನು ಕೊಳ್ಳುವ ಮೊದಲು ಗಾಡಿಯ ಕೆಳಗೆ ಒಂದು ದಿನ ಮಲಗಿ ನೋಡಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತಿರುವುದು ಇದಕ್ಕೇ.

ಆಮೇಲೆ ತೂತುಗಳು. ಅಮಾವಾಸ್ಯೆಯ ಆಸುಪಾಸಿನ ಒಂದು ರಾತ್ರಿ, ಅಂಗಳದ ದೀಪ ಆರಿಸಿ, ಜೀಪಿನ ಕೆಳಗೆ ಅಡಿಕೆ ಸುಲಿಯುವಲ್ಲಿ ಹಾಕುವ ದೊಡ್ಡ ಎಲ್‌ಇಡಿ ದೀಪ ಇಟ್ಟು, ಬಾಗಿಲು ಹಾಕಿ ಒಳಗೆ ಕುಳಿತೆ. ಕತ್ತಲಿಗೆ ಕಣ್ಣು ಹೊಂದುತ್ತಿದ್ದ ಹಾಗೆ ಒಂದೊಂದೇ ಕಾಣತೊಡಗಿತು. ಕ್ಲಚ್ ಪೆಡಲಿನ ಬುಡದಲ್ಲಿ ಗೆರೆಯಂಥ ಬೆಳಕು. ಸ್ಟಿಯರಿಂಗ್ ಕಂಬದ ಸುತ್ತ ಬಳೆಯಂಥ ಬೆಳಕು. ವಯರುಗಳು ಎಂಜಿನ್ ಕಡೆಗೆ ಹೋಗುವಲ್ಲಿ ಎರಡು ಚುಕ್ಕಿ. ಗಿಯರ್ ಲಿವರಿನ ರಬ್ಬರ್ ಟೋಪಿ ಗಟ್ಟಿಯಿತ್ತು, ಅದರ ಪಕ್ಕದ ಫೋರ್‌ವೀಲ್ ಲಿವರಿನ ಟೋಪಿ ಮಾತ್ರ ಹರಿದು ಬಾಯಿ ಬಿಟ್ಟಿತ್ತು, ಅಲ್ಲಿಂದ ಬಂದ ಬೆಳಕು ಟಾಪಿನ ಒಳಮೈಯಲ್ಲಿ ತಟ್ಟೆಯಷ್ಟು ಅಗಲಕ್ಕೆ ಬಿದ್ದಿತ್ತು. ಬೆಳಕು ನುಸುಳುವಲ್ಲಿ ಸದ್ದೂ ನುಸುಳುತ್ತದೆ. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೆ ಸಾಕು, ಉಳಿದ ತೊಂಬತ್ತೊಂಬತ್ತು ಪಾಲಿಗೆ ಕಲ್ಲೇ ಕಟ್ಟಿದರೂ ಆ ಗೋಡೆ 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ಮಗ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋದ, ಒಟ್ಟು ಹದಿನೇಳು ಗುರುತು. ಹೊಸ ಟೋಪಿ, ವಯರಿಗೆ ರಬ್ಬರ್ ಗ್ರಾಮೆಟ್, ಉಳಿದ ಸಂದುಗಳಿಗೆ ಸೀಲಂಟ್. ಬಾಗಿಲ ಬೀಡಿಂಗ್ ನೋಡಲು ಕಾಗದದ ಚೀಟಿ ಸಾಕು: ಬಾಗಿಲಿಗೆ ಸಿಕ್ಕಿಸಿ ಎಳೆದಾಗ ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಕೂರುತ್ತಿಲ್ಲ ಎಂದರ್ಥ. ಅಡಿಯ ತಗಡಿನಲ್ಲಿ ನೀರು ಇಳಿಯಲು ಇರುವ ತೂತುಗಳನ್ನು ಮಾತ್ರ ಸೀಲಂಟಿನಲ್ಲಿ ಮುಚ್ಚಬಾರದು, ಅವಕ್ಕೆ ತೆಗೆದು ಹಾಕುವ ರಬ್ಬರ್ ಬೂಚು ಬೇಕು.

ಮೂರನೆಯದು ತಗಡಿನ ಗಂಟೆನಾದ. ಇಲ್ಲಿ ನನ್ನ ಕಸುಬು ಉಪಕಾರಕ್ಕೆ ಬಂತು. ಮದ್ದಳೆಯ ಮುಚ್ಚಿಗೆಗೆ, ಎಂದರೆ ಬಾಯಿಗೆ ಬಿಗಿದ ಚರ್ಮಕ್ಕೆ, ಅನ್ನ ಮತ್ತು ಬೂದಿ ಕಲಸಿದ ಬೋನ ಮೆತ್ತುತ್ತೇವೆ. ಬರೀ ಚರ್ಮ ಬಡಿದರೆ ಟೊಳ್ಳು ಸದ್ದು, ನಡುವಿಗೆ ಬೋನ ಬಿದ್ದ ಕೂಡಲೇ ತೂಕ ಬಂದು ಅದು ಗಂಭೀರವಾಗುತ್ತದೆ. ಜೀಪಿನ ತಗಡೂ ಮುಚ್ಚಿಗೆಯೇ. ನಾಲ್ಕು ಅಂಚಿನಲ್ಲಿ ಬಿಗಿದಿರುತ್ತದೆ, ನಡುವಿನಲ್ಲಿ ಕುಣಿಯುತ್ತದೆ. ಗೆಣ್ಣಿನಿಂದ ತಟ್ಟುತ್ತಾ ಹೋದೆ. ಟಾಪು, ಹಿಂದಿನ ಚಕ್ರದ ಮೇಲಿನ ಕಮಾನು, ಬಾಗಿಲ ಹೊರತಗಡು ಇವು ಠಣ್ ಎಂದವು. ಪಟ್ಟಿ ಬಡಿದು ಮಡಚಿದ ಜಾಗಗಳು ಟಕ್ ಎಂದು ಸುಮ್ಮನಾದವು. ಠಣ್ ಎಂದಲ್ಲಿ ಮಾತ್ರ, ಅದೂ ನಡುಭಾಗಕ್ಕೆ ಮಾತ್ರ, ಬ್ಯೂಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟ್ ಹಾಕಿದೆ, 2 ಮಿಲಿಮೀಟರ್ ದಪ್ಪ, ಮೇಲೆ ಅಲ್ಯೂಮಿನಿಯಂ ಹಾಳೆ ಇರುವಂಥದ್ದು. ಬೋನಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ: ಬೋನ ತೂಕದಿಂದ ನಾದವನ್ನು ಇಳಿಸುತ್ತದೆ, ಬ್ಯೂಟೈಲ್ ಅದರ ಜೊತೆಗೆ ತಾನೇ ಹಿಗ್ಗಿ ಕುಗ್ಗಿ ನಡುಕವನ್ನು ಬಿಸಿಯಾಗಿ ಕರಗಿಸಿಬಿಡುತ್ತದೆ. ಮೈ ಪೂರ್ತಿ ಹೊದೆಸಬೇಕಾಗಿಲ್ಲ, ತಗಡಿನ ಮೂರನೇ ಒಂದು ಪಾಲು ಸಾಕಾಯಿತು. ಡಾಂಬರಿನ ಶೀಟು ಅಗ್ಗಕ್ಕೆ ಸಿಗುತ್ತದೆ, ಆದರೆ ಏಪ್ರಿಲ್ ಬಿಸಿಲಿಗೆ ಮೆತ್ತಗಾಗಿ ಜಾರುತ್ತದೆ, ವಾಸನೆಯೂ ಬರುತ್ತದೆ. ಟಾಪಿಗಂತೂ ಅದು ಬೇಡ.

ಈ ಕೆಲಸವನ್ನು ಏಪ್ರಿಲ್‌ನಲ್ಲೇ ಮಾಡಿದೆ. ತುಕ್ಕು ಕೆರೆದು, ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಬಣ್ಣ ಕೊಟ್ಟು, ಥಿನ್ನರಿನಲ್ಲಿ ಎಣ್ಣೆ ಒರೆಸಿ, ಶೀಟನ್ನು ಅಂಗಳದ ಬಿಸಿಲಲ್ಲಿ ಹದಿನೈದು ನಿಮಿಷ ಇಟ್ಟು ಮೆದುವಾದ ಮೇಲೆ ಮರದ ರೋಲರಿನಿಂದ ಒತ್ತಿ ಒತ್ತಿ ಉಜ್ಜಿದೆ. ಒಳಗೆ ಗಾಳಿಗುಳ್ಳೆ ಉಳಿದರೆ ಅಷ್ಟು ಜಾಗ ಅಂಟಿಯೂ ಅಂಟದ ಹಾಗೆ. ಮಳೆಗಾಲದ ತೇವದಲ್ಲಿ ಇದು ಹಿಡಿಯುವುದಿಲ್ಲ.

ಸದ್ದು ತಡೆಯಲು ತೂಕ ಬೇಕೆಂದು ಹೇಳಿದೆನಲ್ಲ, ಕಾಲಡಿಯ ತಗಡಿನ ಮೇಲೆ ಅದಕ್ಕೆ ನನಗೆ ಸಿಕ್ಕಿದ್ದು ನಮ್ಮ ಹಟ್ಟಿಯಲ್ಲೇ. ದನಗಳಿಗೆ ಹಾಸುವ ರಬ್ಬರ್ ಮ್ಯಾಟ್! ಒಂದು ಸೆಂಟಿಮೀಟರ್ ದಪ್ಪದ್ದಾದರೆ ಒಂದು ಚದರ ಮೀಟರಿಗೆ ಸುಮಾರು 12 ಕಿಲೋ ತೂಗುತ್ತದೆ. ತಡೆಯ ತೂಕ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬೆಲ್ ಕಡಿಮೆ ದಾಟುತ್ತದೆ, ಅದಕ್ಕೆ ಇಷ್ಟು ಭಾರದ್ದನ್ನೇ ಆರಿಸಿದೆ. ನೀರು ಕುಡಿಯದ ಮುಚ್ಚುಗೂಡಿನ ಫೋಮು 6 ಮಿಲಿಮೀಟರಿನದು ಕೆಳಗೆ, ಮ್ಯಾಟು ಮೇಲೆ. ಯಾವುದನ್ನೂ ಅಂಟಿಸಲಿಲ್ಲ. ಎತ್ತಿ ತೊಳೆದು ಒಣಗಿಸಲು ಬರಬೇಕು. ಎಂಜಿನ್ ಮತ್ತು ಕಾಲಿನ ನಡುವಿನ ತಗಡಿಗೆ ಒಳಬದಿಯಿಂದ ತೆಳು ರಬ್ಬರ್ ಶೀಟ್ ಕಟ್ಟಿದೆ. ಎಂಜಿನ್ ಬದಿಗೆ, ಮ್ಯಾನಿಫೋಲ್ಡ್ ಮತ್ತು ಸೈಲೆನ್ಸರಿನ ಹತ್ತಿರ, ಫೋಮು ರಬ್ಬರು ಯಾವುದೂ ಬೇಡವೇ ಬೇಡ, ಬೆಂಕಿಯ ಅಪಾಯ.

ಇಷ್ಟಾದ ಮೇಲೂ ಒಂದು ಗುಮ್ಮೆನ್ನುವ ಸದ್ದು ಉಳಿದಿತ್ತು. 50ರ ವೇಗದಲ್ಲಿ ಇಲ್ಲ, 65ರಲ್ಲಿ ಇಲ್ಲ, ನಡುವೆ ಒಂದು ಹಂತದಲ್ಲಿ ಮಾತ್ರ ಎದೆಗೆ ಒತ್ತಿದ ಹಾಗೆ. ಫೋನಿನಲ್ಲಿ ಸದ್ದಿನ ಸ್ವರಗಳನ್ನು ಬಿಡಿಸಿ ತೋರಿಸುವ ಆ್ಯಪ್ ಹಾಕಿ ನೋಡಿದರೆ ಸೆಕೆಂಡಿಗೆ 80 ಕಂಪನದ ಹತ್ತಿರ ಒಂದು ಗೋಪುರ ಎದ್ದು ನಿಂತಿತ್ತು. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. ಸೆಕೆಂಡಿಗೆ 80 ಎಂದರೆ 40 ಸುತ್ತು, ನಿಮಿಷಕ್ಕೆ 2400. ಆ ಸ್ವರದ ಅಲೆ ಗಾಳಿಯಲ್ಲಿ ಸುಮಾರು 4.3 ಮೀಟರ್ ಉದ್ದ, ಅರ್ಧ ಎಂದರೆ 2.15. ಟೇಪು ಹಿಡಿದು ಎದುರಿನ ಗಾಜಿನಿಂದ ಹಿಂಬಾಗಿಲವರೆಗೆ ಅಳೆದೆ, ಹೆಚ್ಚು ಕಡಿಮೆ ಅಷ್ಟೇ! ಎಂಜಿನ್ನಿನ ಸ್ವರಕ್ಕೆ ಜೀಪಿನ ಹೊಟ್ಟೆ ಶ್ರುತಿ ಸೇರಿತ್ತು. ಮದ್ದಳೆಯ ಕಳಸೆಯೊಳಗಿನ, ಎಂದರೆ ಅದರ ಮರದ ಹೊಟ್ಟೆಯೊಳಗಿನ, ಗಾಳಿ ನುಡಿಯುವ ಹಾಗೆ ಇಲ್ಲಿ ನಾವು ಕೂರುವ ಜಾಗದ ಗಾಳಿ ನುಡಿಯುತ್ತಿತ್ತು. ಇಂಥ ತಗ್ಗು ಸ್ವರಕ್ಕೆ ಫೋಮು ಏನೂ ಮಾಡಲಾರದು. ನಾನು ಮಾಡಿದ್ದು, ಟಾಪಿನ ನಡುವಿಗೆ ಒಳಬದಿಯಿಂದ ಎರಡು ಕಬ್ಬಿಣದ ಅಡ್ಡಪಟ್ಟಿ ಕೂರಿಸಿ ಬಿಗಿ ಮಾಡಿಸಿದ್ದು, ಹಿಂಬಾಗಿಲು ಅದುರದ ಹಾಗೆ ಹೊಸ ಬೀಡಿಂಗ್ ಮತ್ತು ಕೊಂಡಿ ಹಾಕಿಸಿದ್ದು. ಗುಮ್ಮು ಪೂರ್ತಿ ಹೋಗಲಿಲ್ಲ, ಎದೆಗೆ ಒತ್ತುವುದು ನಿಂತಿತು. ಆ ವೇಗ ಬಂದಾಗ ಒಂದೋ ಸ್ವಲ್ಪ ಕೆಳಗೆ, ಇಲ್ಲ ಸ್ವಲ್ಪ ಮೇಲೆ ಓಡಿಸುತ್ತೇನೆ.

ಟಯರು ಸವೆದಾಗ ದಪ್ಪ ಗುಬ್ಬಿಯ ಮಡ್ ಟಯರಿನ ಬದಲು ಆಲ್ ಟೆರೇನ್ ಹಾಕಿಸಿದೆ. ರಾಷ್ಟ್ರೀಯ ಹೆದ್ದಾರಿ 66ಕ್ಕೆ ಇಳಿದಾಗ ಕೇಳುತ್ತಿದ್ದ ಊಳು ಬಹಳ ಕಡಿಮೆಯಾಯಿತು, ನಮ್ಮ ಏರಿನಲ್ಲಿ ಹಿಡಿತಕ್ಕೆ ಕೊರತೆಯಾಗಿಲ್ಲ.

ಈಗ ಅದೇ ಸಪಾಟು ರಸ್ತೆಯಲ್ಲಿ, ಅದೇ 60ರ ವೇಗದಲ್ಲಿ ಫೋನು ತೋರಿಸುವುದು 80. ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದ ಹಾಗೆ ಕೇಳುತ್ತದೆ, ನಮ್ಮದು ಹನ್ನೊಂದು ಇಳಿದಿದೆ. ಒಟ್ಟು ಖರ್ಚು ಟಯರು ಬಿಟ್ಟು 17,000 ರೂಪಾಯಿ. ಎದುರಿನ ನೆಟ್ಟಗಿನ ಗಾಜಿಗೆ ಬಡಿಯುವ ಗಾಳಿಯ ಸದ್ದು ಹಾಗೇ ಇದೆ, ಅದು ಜೀಪಿನ ಆಕಾರದ್ದು. ಫಸ್ಟ್ ಗಿಯರಿನ ಗೊರಗೊರವನ್ನು ನಾನೇ ಉಳಿಸಿಕೊಂಡಿದ್ದೇನೆ. ಪಾಚಿಯ ಏರಿನಲ್ಲಿ ಎಂಜಿನ್ ಎಷ್ಟು ಒದ್ದಾಡುತ್ತಿದೆ ಎಂದು ಅದರಿಂದಲೇ ನನಗೆ ತಿಳಿಯುವುದು.

ಹೋದ ತಿಂಗಳು ಕುಂಬಳೆಯಿಂದ ಬರುವಾಗ ಹಿಂದಿನ ಸೀಟಿನಲ್ಲಿ ಕುಳಿತ ಭಾಗವತರು ಮರುದಿನದ ಪ್ರಸಂಗದ ಪದವನ್ನು ಮೆಲ್ಲನೆ ಗುನುಗುತ್ತಿದ್ದರು. ನಾನು ಸ್ಟಿಯರಿಂಗ್ ಮೇಲೆ ಬೆರಳಿನಲ್ಲಿ ತಾಳ ಹಾಕಿದೆ. ಪೆಟ್ಟು ತಪ್ಪಿದ್ದು ಅವರಿಗೂ ಕೇಳಿತು, "ಅಲ್ಲಿ ಇನ್ನೊಂದು ಅಕ್ಷರ ಉಂಟು" ಎಂದರು. ಮೊದಲಾದರೆ ಅವರು ಹಾಡುತ್ತಿದ್ದಾರೆ ಎಂಬುದೇ ನನಗೆ ಗೊತ್ತಾಗುತ್ತಿರಲಿಲ್ಲ.

ಮಳೆ ಬಿಟ್ಟ ಕೂಡಲೇ ಪ್ರತಿ ವರ್ಷ ಮ್ಯಾಟು, ಫೋಮು ಎರಡನ್ನೂ ಎತ್ತಿ ಎರಡು ದಿನ ಬಿಸಿಲಿಗೆ ಹಾಕುತ್ತೇನೆ. ಈ ಸಲ ಎಡಬದಿಯ ನೀರಿನ ಬೂಚಿನ ಪಕ್ಕ ನಾಣ್ಯದಷ್ಟು ತುಕ್ಕು ಕಂಡಿತು. ಕೆರೆದು ರೆಡ್ ಆಕ್ಸೈಡ್ ಬಳಿದಿದ್ದೇನೆ, ಬೂಚು ಹೊಸದು ಹಾಕಬೇಕು.