ವಿಸ್ಟೀರಿಯಾ ಹೂ ಬಿಡಬೇಕೇ? ವರ್ಷಕ್ಕೆ ಎರಡು ಸಲ ಕತ್ತರಿ ಹಿಡಿಯಿರಿ

ಚಪ್ಪರದ ತುಂಬ ತಿಳಿ ನೇರಳೆ ಗೊಂಚಲುಗಳು ದ್ರಾಕ್ಷಿಯ ಹಾಗೆ ಜೋತುಬಿದ್ದಿರುತ್ತವೆ. ಕೆಳಗೆ ನಿಂತರೆ ಘಮ ಘಮ, ಮೇಲೆ ಜೇನುಹುಳಗಳ ಗುಂಯ್‌ಗುಡುವ ಸದ್ದು. ವಸಂತದ ಆ ಕೆಲವೇ ವಾರಗಳಿಗಾಗಿ ವಿಸ್ಟೀರಿಯಾ ನೆಟ್ಟು, ವರ್ಷಗಟ್ಟಲೆ ಬರೀ ಎಲೆ ನೋಡಿ ಬೇಸತ್ತವರು ಕಡಿಮೆಯಿಲ್ಲ. ಅದರಲ್ಲಿ ಬಳ್ಳಿಯ ತಪ್ಪು ತೀರಾ ಕಡಿಮೆ.

ಮೊದಲು ಗಿಡದ ಆಯ್ಕೆ

ಬೀಜದಿಂದ ಬೆಳೆಸಿದ ಸಸಿ ಹೂ ಬಿಡಲು 10-15 ವರ್ಷ ತೆಗೆದುಕೊಳ್ಳಬಹುದು. ಕಸಿ ಗಿಡವಾದರೆ ಸಾಮಾನ್ಯವಾಗಿ ಮೂರ್ನಾಲ್ಕು ವರ್ಷ ಸಾಕು. ಬುಡದ ಹತ್ತಿರ ಕಸಿ ಕಟ್ಟಿದ ಗಂಟು ಇದೆಯಾ ನೋಡಿ. ಹೂ ಬಿಟ್ಟಿರುವಾಗಲೇ ಕೊಂಡರೆ ಇನ್ನೂ ಒಳ್ಳೆಯದು, ಅನುಮಾನವೇ ಉಳಿಯುವುದಿಲ್ಲ.

ಚೀನಾದ ತಳಿ ಎಲೆ ಬರುವ ಮೊದಲೇ ಹೂ ಬಿಡುತ್ತದೆ. ಜಪಾನಿನ ತಳಿಯಲ್ಲಿ ಎಲೆ, ಹೂ ಒಟ್ಟಿಗೆ ಬರುತ್ತವೆ, ಗೊಂಚಲೂ ಉದ್ದ. ಇವೆರಡನ್ನು ಗುರುತಿಸಲು ಒಂದು ಚಂದದ ಉಪಾಯ ಇದೆ. ಮೇಲಿನಿಂದ ನೋಡಿದರೆ ಜಪಾನಿನದು ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ, ಚೀನಾದ್ದು ಅದಕ್ಕೆ ಉಲ್ಟಾ.

ಜಾಗ ಮತ್ತು ಆಸರೆ

ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ನೆರಳಲ್ಲಿ ಬಳ್ಳಿ ಬೆಳೆಯುತ್ತದೆ, ಹೂ ಮಾತ್ರ ಕೈಕೊಡುತ್ತದೆ. ಚಳಿಗಾಲದಲ್ಲಿ ಸರಿಯಾಗಿ ಚಳಿ ಬೀಳುವ ಕಡೆ ಇದಕ್ಕೆ ಒಗ್ಗುತ್ತದೆ.

ಆಸರೆಯಲ್ಲಿ ಜಿಪುಣತನ ಬೇಡ. ವರ್ಷ ಕಳೆದಂತೆ ಕಾಂಡ ಮರದಷ್ಟೇ ದಪ್ಪವಾಗುತ್ತದೆ. ತೆಳ್ಳಗಿನ ಪೈಪುಗಳನ್ನು ಸುತ್ತಿ ಹಿಂಡಿಬಿಡುತ್ತದೆ, ಹೆಂಚಿನ ಸಂದಿಗೂ ನುಗ್ಗುತ್ತದೆ. ಗಟ್ಟಿ ಕಂಬಗಳ ಚಪ್ಪರ ಹಾಕಿ. ಗೋಡೆಗೆ ಹಬ್ಬಿಸುವುದಾದರೆ 30ರಿಂದ 45 ಸೆಂಟಿಮೀಟರ್ ಅಂತರದಲ್ಲಿ ಅಡ್ಡಡ್ಡ ದಪ್ಪ ತಂತಿ ಬಿಗಿಯಿರಿ.

ಗೊಬ್ಬರ

ಇದು ಅವರೆ, ಬಟಾಣಿಯ ಕುಟುಂಬದ್ದೇ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಹಾಗಿರುವಾಗ ಮತ್ತೆ ಯೂರಿಯಾ ಸುರಿದರೆ ಎಲೆ ಜಾಸ್ತಿ, ಹೂ ಕಡಿಮೆ. ನೆಟ್ಟ ಮೊದಲ ವರ್ಷಗಳಲ್ಲಿ ನೀರು ತಪ್ಪಿಸಬೇಡಿ, ಅಷ್ಟೇ.

ಕತ್ತರಿ ಕೆಲಸ

ನನ್ನ ಮಟ್ಟಿಗೆ ಹೂವಿನ ಅರ್ಧ ಗುಟ್ಟು ಇಲ್ಲಿದೆ. ಹೂ ಮುಗಿದ ಸುಮಾರು ಎರಡು ತಿಂಗಳಿಗೆ, ನಡು ಬೇಸಿಗೆಯಲ್ಲಿ, ಚಾಟಿಯಂಥ ಹೊಸ ಹಂಬುಗಳು ಎಲ್ಲೆಂದರಲ್ಲಿ ಚಾಚಿಕೊಂಡಿರುತ್ತವೆ. ಹೊಸ ಜಾಗಕ್ಕೆ ಹಬ್ಬಿಸಲು ಬೇಕಾದವನ್ನು ಕಟ್ಟಿಕೊಳ್ಳಿ. ಉಳಿದವುಗಳಲ್ಲಿ ಐದಾರು ಎಲೆ ಬಿಟ್ಟು ಮುಂದಿನದನ್ನು ಕತ್ತರಿಸಿ. ಆಗ ಬಿಸಿಲು ಒಳಗೆ ಇಳಿಯುತ್ತದೆ. ಬರೀ ಉದ್ದವಾಗುತ್ತಿದ್ದ ಬಳ್ಳಿ ಬುಡದ ಕಡೆ ಮೊಗ್ಗು ಕಟ್ಟಲು ಶುರುಮಾಡುತ್ತದೆ. ಮುಂದಿನ ವಸಂತದ ಹೂವು ಹಿಂದಿನ ಬೇಸಿಗೆಯಲ್ಲೇ ತಯಾರಾಗುತ್ತದೆ ಅಂದರೆ ಇದೇ.

ಎಲೆಯೆಲ್ಲ ಉದುರಿದ ಮೇಲೆ, ಚಳಿಗಾಲದ ಕೊನೆಯಲ್ಲಿ ಎರಡನೇ ಸಲ. ಅದೇ ಹಂಬುಗಳನ್ನು ಎರಡು-ಮೂರು ಮೊಗ್ಗಿಗೆ ಮೊಟಕು ಮಾಡಿ. ದಪ್ಪಗೆ ಉಬ್ಬಿದ್ದು ಹೂವಿನ ಮೊಗ್ಗು, ಸಣ್ಣಗೆ ಚೂಪಾಗಿರುವುದು ಎಲೆಯದು. ಅವಸರ ಮಾಡದೆ ಒಂದೊಂದೇ ನೋಡಿ ಕತ್ತರಿಸಿ. ಮೈಕೊರೆಯುವ ಚಳಿಯಲ್ಲಿ ಆ ದಪ್ಪ ಮೊಗ್ಗುಗಳನ್ನು ಎಣಿಸುವುದರಲ್ಲಿ ಎಂಥ ಖುಷಿ ಇದೆ ಅಂತ ಒಮ್ಮೆ ಮಾಡಿದರೆ ಗೊತ್ತಾಗುತ್ತದೆ.

ಜೊತೆಗೆ ಏನು ನೆಡಬೇಕು

ಬಳ್ಳಿಯ ಮುಂದಿನ ಜಾಗ ಸುಮ್ನೆ ಖಾಲಿ ಬಿಡಬೇಡಿ. ಟ್ಯೂಲಿಪ್, ಡ್ಯಾಫೊಡಿಲ್ ಗೆಡ್ಡೆಗಳನ್ನು ಚಳಿಗಾಲಕ್ಕೆ ಮೊದಲೇ, ಗೆಡ್ಡೆಯ ಎತ್ತರದ ಎರಡು-ಮೂರು ಪಟ್ಟು ಆಳದಲ್ಲಿ ಹೂಳಿ. ಹೂ ಬಾಡಿದ ಮೇಲೂ ಡ್ಯಾಫೊಡಿಲ್ ಎಲೆಗಳನ್ನು ಆರು ವಾರ ಮುಟ್ಟಬೇಡಿ. ಮುಂದಿನ ವರ್ಷದ ಹೂವಿಗೆ ಗೆಡ್ಡೆ ಶಕ್ತಿ ತುಂಬಿಕೊಳ್ಳುವುದು ಆ ಎಲೆಗಳಿಂದಲೇ. ಲೈಲಾಕ್ ಎಂಬ ಹೂವಿನ ಪೊದೆ ಇದ್ದರೆ ಹೂ ಮುಗಿದ ತಕ್ಷಣ ಸವರಿ. ತಡವಾದರೆ ಮುಂದಿನ ಮೊಗ್ಗುಗಳೇ ಕತ್ತರಿಗೆ ಸಿಗುತ್ತವೆ.

ವಿಸ್ಟೀರಿಯಾ ಹೂ ಉದುರಿದ ಮೇಲೆ ಅವರೆಯಂಥ ಮೆತ್ತನೆ ಕಾಯಿಗಳು ಕಾಣಿಸುತ್ತವೆ. ಅದರ ಬೀಜ ವಿಷ. ಮಕ್ಕಳು, ನಾಯಿ ಓಡಾಡುವ ಮನೆಯಾದರೆ ಕಾಯಿ ಒಣಗಿ ಸಿಡಿಯುವ ಮೊದಲೇ ಕಿತ್ತು ಹಾಕಿಬಿಡಿ.