ಹೂತೋಟದಲ್ಲೇ ಅಡುಗೆಗೂ ಆಗುವ ಗಿಡಗಳು

ಹೂಗಿಡಗಳ ನಡುವೆ ಸೊಪ್ಪು ಹಾಕಿದರೆ ಅಂದ ಕೆಡುತ್ತದೆ ಅಂತ ಯಾರು ಹೇಳಿದ್ದು? ಕೆಂಪು ದಂಟಿನ ಬಸಳೆಯನ್ನೇ ನೋಡಿ. ಗೇಣುದ್ದದ ದಂಟನ್ನು ಎರಡು ಗಿಣ್ಣು ಮಣ್ಣೊಳಗೆ ಹೋಗುವ ಹಾಗೆ ನೆಟ್ಟು, ಮಣ್ಣು ಒಣಗದಂತೆ ನೋಡಿಕೊಂಡು, ಬಳ್ಳಿ ಎದ್ದ ಮೇಲೆ ಗೇಟಿನ ಕಮಾನಿಗೋ ಕಿಟಕಿಯ ಸರಳಿಗೋ ಹಬ್ಬಿಸಿ. ತುದಿ ಚಿವುಟುತ್ತಿದ್ದರೆ ಕವಲು ಜಾಸ್ತಿ, ಚಿವುಟಿದ್ದು ಹೇಗೂ ಹುಳಿಗೆ ಆಗುತ್ತದೆ ಅಲ್ವಾ?

ಶಂಖಪುಷ್ಪದ ಬೀಜದ ಸಿಪ್ಪೆ ಗಟ್ಟಿ. ಸುಮ್ನೆ ಉದುರಿಸಬೇಡಿ, ರಾತ್ರಿಯಿಡೀ ನೆನೆಸಿ ಬಿತ್ತಿ. ಬಿಸಿಲು ಚೆನ್ನಾಗಿ ಬೀಳಬೇಕು. ನಾಲ್ಕೈದು ಹೂವನ್ನು ಬಿಸಿನೀರಿಗೆ ಹಾಕಿದರೆ ನೀರು ಕಡುನೀಲಿ, ನಿಂಬೆ ಹಿಂಡಿದ ತಕ್ಷಣ ನೇರಳೆ. ಮಕ್ಕಳಿಗೆ ಇನ್ನೇನು ಬೇಕು!

ಪಾತಿಯ ಅಂಚಿಗೆ ಬಿಳಿ ಅಂಚಿನ ದೊಡ್ಡಪತ್ರೆ. ಒಂದು ಕಡ್ಡಿ ಚುಚ್ಚಿದರೆ ಸಾಕು, ನೀರು ಮಾತ್ರ ನಿಲ್ಲಬಾರದು.

ಕಣಗಿಲೆ ಪೂರ್ತಿ ವಿಷ. ಅದನ್ನು ಈ ಪಾತಿಯಿಂದ ದೂರವಿಡಿ. ನರ್ಸರಿಯಿಂದ ತಂದ ಗುಲಾಬಿಗೆ ಔಷಧಿ ಹೊಡೆದಿರಬಹುದು, ಅದರಲ್ಲಿರುವ ಹೂವನ್ನು ಗುಲ್ಕನ್‌ಗೆ ಬಳಸಬೇಡಿ. ಹೇನು ಬಂದರೆ 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಎರಡು ಹನಿ ಸೋಪಿನ ನೀರು ಕಲಸಿ ಸಂಜೆ ಸಿಂಪಡಿಸಿ. ಕೊಯ್ದದ್ದನ್ನು ಚೆನ್ನಾಗಿ ತೊಳೆದೇ ಒಲೆ ಹಚ್ಚಿ.